ಎಡಗಡೆಯ ಸೀಟಿನಲ್ಲಿ ಒಂದು ರ‍್ಯಾಲಿ

ಮದುವೆಯಾಗಿ ಸವದತ್ತಿಯಿಂದ ಬೈಲಹೊಂಗಲಕ್ಕೆ ಬಂದಾಗ ನನ್ನ ಗಂಡನ ಬಗ್ಗೆ ನನಗೆ ಗೊತ್ತಿದ್ದುದು ಇಷ್ಟೇ: ಅವರಿಗೆ ಸ್ವಂತ ಗ್ಯಾರೇಜು ಇದೆ, ಮಾತು ಕಡಿಮೆ. ಮಾತು ಕಡಿಮೆ ಎನ್ನುವುದು ಸುಳ್ಳೆಂದು ಮೊದಲ ವಾರದಲ್ಲೇ ತಿಳಿಯಿತು. ಕಾರ್ ರ‍್ಯಾಲಿಯ ವಿಷಯ ಬಂದರೆ ತಾಟಿನಲ್ಲಿ ರೊಟ್ಟಿ ಆರಿ ಹೋದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ.

ಇದು ತೊಂಬತ್ತರ ದಶಕದ ಮಾತು. ಏಷ್ಯಾ ಮತ್ತು ಶಾಂತಸಾಗರದ ದೇಶಗಳಿಗೆಂದು ಒಂದು ಚಾಂಪಿಯನ್‌ಶಿಪ್ ನಡೆಯುತ್ತಿತ್ತು. ವರ್ಷವಿಡೀ ಒಂದೊಂದು ದೇಶದಲ್ಲಿ ಒಂದೊಂದು ಸುತ್ತು. ಊರಾಚೆಯ ಮಣ್ಣಿನ ರಸ್ತೆಯಲ್ಲಿ ಒಂದರ ಹಿಂದೊಂದು ಕಾರು ಬಿಡುತ್ತಾರೆ. ಕಡಿಮೆ ಹೊತ್ತಿನಲ್ಲಿ ದಾಟಿದವರು ಗೆದ್ದಂತೆ. ಬೆಳಗಾವಿಯಿಂದ ತರಿಸುತ್ತಿದ್ದ ಇಂಗ್ಲಿಷ್ ಮಾಸಪತ್ರಿಕೆ ಓದಿ, ಆಮೇಲೆ ಕೇಬಲ್ ಟಿವಿ ನೋಡಿ, ಅದರ ಚರಿತ್ರೆಯನ್ನೆಲ್ಲ ಇವರು ಬಾಯಿಪಾಠ ಮಾಡಿಕೊಂಡಿದ್ದರು. ಜಪಾನಿನ ದೊಡ್ಡ ಕಂಪನಿಗಳು ವಿಮಾನದಲ್ಲಿ ಕಾರು ತಂದದ್ದು, ನ್ಯೂಜಿಲೆಂಡಿನ ಕಾಡುರಸ್ತೆ, ಮಲೇಷ್ಯಾದ ಎಣ್ಣೆತಾಳೆಯ ತೋಟದ ಕೆಸರು, ಇವೆಲ್ಲ ನಮ್ಮ ಅಡಿಗೆಮನೆಯಲ್ಲಿ ದಿನವೂ ನಡೆಯುತ್ತಿದ್ದವು. ದಶಕ ಮುಗಿಯುವ ಹೊತ್ತಿಗೆ ಆ ಕಂಪನಿಗಳು ಒಂದೊಂದಾಗಿ ಹಿಂದೆ ಸರಿದವು. ಮನೆಯಲ್ಲೇ ಯಾರೋ ತೀರಿಕೊಂಡಂತೆ ಇವರು ಎರಡು ದಿನ ಸಪ್ಪಗಿದ್ದರು. ಅತ್ತೆಯವರು, "ಇವನ ಕಾರು ಅಲ್ಲ, ಇವನ ರಸ್ತಾ ಅಲ್ಲ, ಇವಂಗ್ಯಾಕ ಚಿಂತಿ" ಅಂದರು. ನನಗೂ ಹಾಗೇ ಅನಿಸಿತ್ತು.

ಆದರೆ ದೊಡ್ಡವರು ಬಿಟ್ಟ ಜಾಗಕ್ಕೆ ಸಣ್ಣವರು ಬಂದರು. ಸ್ವಂತ ದುಡ್ಡಿನಲ್ಲಿ, ಸ್ವಂತ ಕಾರಿನಲ್ಲಿ ಓಡಿಸುವವರು. ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ದೇಶದಲ್ಲೂ ಒಂದು ಸುತ್ತು ನಡೆಯುವುದೆಂದು ಸುದ್ದಿ ಬಂತು. ಇವರು ಅಷ್ಟರಲ್ಲಿ ಹಳೆಯ ಸಣ್ಣ ಕಾರೊಂದನ್ನು ಬಿಚ್ಚಿ ಕಟ್ಟಿ, ಸುತ್ತಮುತ್ತಲ ಜಿಲ್ಲೆಗಳ ನಾಲ್ಕಾರು ರ‍್ಯಾಲಿಗಳಲ್ಲಿ ಓಡಿಸಿದ್ದರು. ಪಕ್ಕದಲ್ಲಿ ಕೂತು ದಾರಿ ಓದಿ ಹೇಳುತ್ತಿದ್ದವರು ರಾಮದುರ್ಗದ ಗೆಳೆಯರೊಬ್ಬರು, ಸೀರೆ ವ್ಯಾಪಾರಿ. ಆ ಸಲ ಅವರಿಗೆ ಕಾಮಾಲೆ ಆಯಿತು.

ಗೆಳೆಯರನ್ನು ನೋಡಿ ಬಂದ ಸಂಜೆ ಇವರು ಕಟ್ಟೆಯ ಮೇಲೆ ಕೂತು ಕೇಳಿದರು. "ನೀ ಬರತಿ?"

"ಎಲ್ಲಿಗ್ರಿ?"

"ಎಡಗಡೆ ಸೀಟಿಗೆ. ನಿನ್ನ ಓದು ಚಲೋ ಐತಿ. ದನಿ ಸ್ವಚ್ಛ ಐತಿ."

ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ದನಿಯ ಬಗ್ಗೆ ಅವರು ಮಾತಾಡಿದ್ದು ಅದೇ ಮೊದಲು. ನಾನು ಹೂಂ ಅಂದೆ.

ಹೂಲಿ ಕಡೆಯ ಕಚ್ಚಾ ರಸ್ತೆಯಲ್ಲಿ ಅಭ್ಯಾಸ ಶುರುವಾಯಿತು. ಮೊದಲು ಸಾವಕಾಶ ಓಡಿಸುತ್ತ ಪ್ರತಿ ತಿರುವನ್ನೂ ಬರೆದುಕೊಳ್ಳಬೇಕು. ಆಮೇಲೆ ಜೋರಾಗಿ ಓಡಿಸುವಾಗ, ತಿರುವು ಬರುವ ಮೊದಲೇ ಓದಿ ಹೇಳಬೇಕು. ನಾನು ಕನ್ನಡದಲ್ಲೇ ಬರೆದುಕೊಂಡೆ. ಮೊದಲ ದಿನ ಎರಡು ಸಲ ವಾಂತಿ ಮಾಡಿದೆ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇತ್ತು.

"ಎಡಕ್ಕ ಹೊಳ್ಳ್ರಿ. ಮುಂದ ದಿನ್ನಿ ಐತ್ರಿ, ಸಾವಕಾಶ ಹೋಗ್ರಿ," ಎಂದು ನಾನು ಓದುತ್ತಿದ್ದೆ.

ಇವರು ಕಾರು ನಿಲ್ಲಿಸಿದರು. "ನೀ ಇಷ್ಟೆಲ್ಲಾ ರೀ ಹಚ್ಚೂದ್ರಾಗ ನಾ ದಿನ್ನಿ ಹಾರಿ ಹೊಲದಾಗ ಬಿದ್ದಿರತೇನಿ. ಎಡಕ್ಕ, ದಿನ್ನಿ, ಸಾವಕಾಶ. ಇಷ್ಟ ಸಾಕು."

ನಾಲಿಗೆ ಕೇಳಲಿಲ್ಲ. ಮನೆಗೆ ಬಂದ ಮೇಲೂ ತಾಲೀಮು ನಡೆಯಿತು. ಇವರು ಹಿಟ್ಟು ನಾದುವ ಪರಾತವನ್ನು ಸ್ಟೇರಿಂಗಿನಂತೆ ಹಿಡಿದು ಕಣ್ಣು ಮುಚ್ಚಿ ಕೂಡುತ್ತಿದ್ದರು, ನಾನು ಎದುರು ನಿಂತು ಓದುತ್ತಿದ್ದೆ. ಒಂದು ದಿನ "ಬಲಕ್ಕ ಹೊಳ್ಳು, ತಡಿ, ತಡಿ, ಈಗ ಬಿಡು" ಅಂದದ್ದು ಅತ್ತೆಯವರ ಕಿವಿಗೆ ಬಿತ್ತು.

"ಗಂಡಗ ಹಿಂಗ ಒದರತಾರೇನ?"

"ಒದರ್ಲಿ ಬಿಡು ಯವ್ವಾ," ಅಂದರು ಇವರು, ಕಣ್ಣು ತೆರೆಯದೆ. "ಒದರಲಿಲ್ಲಂದ್ರ ನಾ ಉಳಿಯೂದಿಲ್ಲ."

ರ‍್ಯಾಲಿ ನಡೆದದ್ದು ದಕ್ಷಿಣದ ಕಡೆ, ನೀಲಗಿರಿ ಗಿಡಗಳ ನಡುವಿನ ಕೆಂಪು ರಸ್ತೆಗಳಲ್ಲಿ. ಕಾರುಗಳನ್ನು ಸಜ್ಜು ಮಾಡುವ ಬಯಲಿನಲ್ಲಿ ನಮ್ಮ ಪಕ್ಕದ ಡೇರೆ ಜಪಾನಿನವರದು. ಅಲ್ಲಿ ನನ್ನ ವಯಸ್ಸಿನ ಹೆಣ್ಣುಮಗಳೊಬ್ಬಳು ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ದಾರಿಯ ಟಿಪ್ಪಣಿ ತಿದ್ದುತ್ತಿದ್ದಳು. ನನ್ನ ಕೈಯಲ್ಲಿನ ಪುಸ್ತಕ ನೋಡಿ ನಕ್ಕು, ಹತ್ತಿರ ಬಂದು ಪುಟದ ಮೇಲೆ ಬೆರಳಿಟ್ಟಳು. ಓದು ಎನ್ನುತ್ತಿದ್ದಾಳೆಂದು ತಿಳಿಯಿತು. ಓದಿದೆ. ಆಕೆ ಕಣ್ಣು ಮುಚ್ಚಿ ಕೈಯನ್ನು ಗಾಳಿಯಲ್ಲಿ ಆಡಿಸಿದಳು. ನನ್ನ ದನಿ ಏರಿದಲ್ಲಿ ಕೈ ಹೊರಳಿತು, ತಗ್ಗಿದಲ್ಲಿ ನಿಂತಿತು. ಒಂದೆರಡು ಕಡೆ ತಪ್ಪಿತು, ಉಳಿದದ್ದು ಅದೇ ರಸ್ತೆ. ಆಮೇಲೆ ಆಕೆ ತನ್ನದನ್ನು ಓದಿದಳು. ಆ ಭಾಷೆಯ ಒಂದಕ್ಷರ ಬಾರದ ನನಗೂ ದಿನ್ನೆ ಬಂದದ್ದು ಗೊತ್ತಾಯಿತು.

ಎರಡನೆಯ ದಿನ ಗಾಳಿಯೇ ಇರಲಿಲ್ಲ. ಮುಂದಿನ ಕಾರು ಎಬ್ಬಿಸಿದ ಧೂಳು ರಸ್ತೆಯ ಮೇಲೆ ಹಾಗೇ ನಿಂತಿತ್ತು. ಅದರೊಳಗೆ ಹೊಕ್ಕ ಕೂಡಲೇ ಗಾಜಿನಾಚೆ ಎಲ್ಲ ಕೆಂಪಾಯಿತು. ಇವರು ಗೇರು ಇಳಿಸಿದರು, ಆದರೆ ನಿಲ್ಲಿಸಲಿಲ್ಲ. ಹಿಂದೆ ಇನ್ನೊಂದು ಕಾರು ಬರುತ್ತಿತ್ತು.

"ನನಗೇನೂ ಕಾಣವಲ್ದು," ಅಂದರು. "ನೀ ಓದು."

ಎಡಕ್ಕೆ ಆಳವಾದ ಹಳ್ಳವಿತ್ತೆಂದು ನನಗೆ ಗೊತ್ತಿತ್ತು, ನಾನೇ ಬರೆದಿದ್ದೆ. ಎಲ್ಲಿದ್ದೇವೆಂಬುದನ್ನು ಸೀಟಿನ ಕುಲುಕಾಟದಿಂದಲೇ ತಿಳಿಯಬೇಕಿತ್ತು. ಕಲ್ಲಿನ ಪಟ್ಟಿ ದಾಟಿತು. ಬಲಕ್ಕ ಅಂದೆ. ಅವರು ಬಲಕ್ಕೆ ತಿರುಗಿಸಿದರು. ತಡಿ ಅಂದೆ. ತಡೆದರು. ಬಿಡು ಅಂದೆ. ಕೇಳಿದ್ದೆಲ್ಲವನ್ನೂ ಮರುಮಾತಿಲ್ಲದೆ ಮಾಡಿದರು. ಧೂಳು ತಿಳಿಯಾದಾಗ ಕಾರು ರಸ್ತೆಯ ನಡುವೆಯೇ ಇತ್ತು. ನನ್ನ ದನಿ ಒಮ್ಮೆಯೂ ನಡುಗಿರಲಿಲ್ಲ. ಅಷ್ಟೊಂದು ನಂಬಿಕೆಯನ್ನು ಯಾರೂ ಅದಕ್ಕೂ ಮೊದಲು ನನ್ನ ಮೇಲೆ ಇಟ್ಟಿರಲಿಲ್ಲ, ನಾನೂ ಇಟ್ಟುಕೊಂಡಿರಲಿಲ್ಲ.

ಕೊನೆಯ ದಿನ ಗೇರ್‌ಬಾಕ್ಸು ಕೈಕೊಟ್ಟಿತು. ಒಂದೇ ಗೇರಿನಲ್ಲಿ ತೆವಳುತ್ತ, ರ‍್ಯಾಲಿ ಮುಗಿಸಿದವರಲ್ಲಿ ಕಟ್ಟಕಡೆಯವರಾಗಿ ಬಂದೆವು. ಊರಿಗೆ ಮರಳುವಾಗ ಕಿತ್ತೂರಿನಲ್ಲಿ ಚಹಾ ಕುಡಿದೆವು. ಹೋಟೆಲಿನವರು ಗೆದ್ದಿರೇನೆಂದು ಕೇಳಿದರು. "ಮುಟ್ಟಿದ್ವಿ," ಅಂದರು ಇವರು.

ಮರುವರ್ಷ ರಾಮದುರ್ಗದ ಗೆಳೆಯರು ಗುಣವಾಗಿದ್ದರು, ನಾನು ಬಸುರಿಯಾಗಿದ್ದೆ. ಸೀಟು ಅವರಿಗೇ ಹೋಯಿತು. ಸರಿಯಾದದ್ದೇ ಆಯಿತೆಂದು ಎಲ್ಲರಿಗೂ ಹೇಳಿದೆ. ಕಾರು ಹೊರಟ ಬೆಳಗ್ಗೆ ಮಾತ್ರ ಬಾಗಿಲಿಗೆ ಬರಲಿಲ್ಲ. ಆಮೇಲೆ ಆ ಮಾಸಪತ್ರಿಕೆಯನ್ನು ನಾನೂ ಓದತೊಡಗಿದೆ. ಗೆದ್ದವರ ಪಟ್ಟಿಯಲ್ಲಿ ಚಾಲಕರ ಹೆಸರು ದಪ್ಪಕ್ಷರದಲ್ಲಿ, ಪಕ್ಕದಲ್ಲಿ ಕೂತವರದು ಸಣ್ಣಕ್ಷರದಲ್ಲಿ ಇರುತ್ತಿತ್ತು. ಅವರ ಕಾರಿನ ಗಾಜಿನ ಮೇಲೆ ನಾನು ಓದಿಟ್ಟುಕೊಂಡಿದ್ದ ಆ ಜಪಾನಿ ಹೆಣ್ಣುಮಗಳ ಹೆಸರು ಸಣ್ಣಕ್ಷರದಲ್ಲಿ ಎರಡು ವರ್ಷ ಕಂಡಿತು, ಆಮೇಲೆ ಕಾಣಲಿಲ್ಲ. ಇವರನ್ನು ಕೇಳಿದೆ.

"ಬ್ಯಾರೆ ಯಾರದರೆ ಕಾರಿಗೆ ಹೋಗಿರಬೇಕು. ಇಲ್ಲಾ ಮನೀ ಹಿಡಿದಿರಬೇಕು," ಅಂದರು.

ಆಕೆ ಸ್ಟೇರಿಂಗು ಹಿಡಿದಿರಲೂಬಹುದಲ್ಲ ಎಂದು ನನಗನಿಸಿತು. ಮುಂದಿನ ಸಂಚಿಕೆಯಿಂದ ದಪ್ಪಕ್ಷರದ ಹೆಸರುಗಳಲ್ಲಿ ಹುಡುಕತೊಡಗಿದೆ.