ಎರಡು ಲಿಪಿಯ ಊರಿಗೆ ಒಂದು ಎಡಿಟರ್

ಹಿಂದೂಪುರ ಮತ್ತು ಕಲ್ಯಾಣದುರ್ಗದ ಸೀಮೆಯಲ್ಲಿ ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಮದುವೆಯಾದವರ ಮನೆಯ ಟ್ರಂಕು ತೆಗೆದು ನೋಡಿದರೆ, ಅಡಿಯಲ್ಲಿ ಒಂದು ಲಗ್ನಪತ್ರಿಕೆ ಸಿಕ್ಕೇ ಸಿಗುತ್ತದೆ. ಅದು ಶ್ರೀ ಕೇಶವಯ್ಯನವರ ಕೈಯಿಂದ ಹೊರಟದ್ದೇ ಆಗಿರುವ ಸಂಭವ ಹೆಚ್ಚು. ಅಚ್ಚಿನ ಕೆಲಸ ಬಲ್ಲವರು ಬಹಳ ಜನ ಇದ್ದಾರೆ. ಆದರೆ ತೆಲುಗು, ಕನ್ನಡ ಎರಡೂ ಒಂದೇ ಬೀದಿಯಲ್ಲಿ ಓಡಾಡುವ ಈ ಸೀಮೆಗೆ ತಕ್ಕ ಹಾಗೆ ಕಂಪ್ಯೂಟರನ್ನು ಪಳಗಿಸಿದವರು ನನಗೆ ತಿಳಿದಂತೆ ಇವರೊಬ್ಬರೇ. ಈ ತಿಂಗಳು ಅವರು ನಿವೃತ್ತರಾಗುತ್ತಿರುವಾಗ ನಾಲ್ಕು ಮಾತು ಬರೆಯುವ ಭಾಗ್ಯ ನನ್ನದಾಯಿತು.

ನೇಕಾರರ ಮನೆಯಲ್ಲಿ ಹುಟ್ಟಿದ ಕೇಶವಯ್ಯನವರು 1974ರಲ್ಲಿ ಹಿಂದೂಪುರದ ನಮ್ಮ ಮೂಲ ಮುದ್ರಣಾಲಯಕ್ಕೆ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಬಂದರು. ಎಡಗಡೆ ತೆಲುಗು ಮೊಳೆಗಳ ಪೆಟ್ಟಿಗೆ, ಬಲಗಡೆ ಕನ್ನಡದ್ದು. ನಡುವೆ ನಿಂತು ಎರಡೂ ಕಡೆಗೆ ಕೈ ಆಡಿಸುವ ಅವರನ್ನು ನೋಡಿದರೆ ಮಗ್ಗದ ಮೇಲೆ ಲಾಳಿ ಓಡಿದಂತೆಯೇ ಕಾಣುತ್ತಿತ್ತಂತೆ. ಬೈಂಡಿಂಗ್ ವಿಭಾಗದ ಮುನೆಮ್ಮ ಹಸುಗೂಸನ್ನು ಬಿಟ್ಟು ಬರಲಾರದೆ ಕೆಲಸ ಬಿಡಲು ಹೊರಟಾಗ, ಮಾಲೀಕರನ್ನು ಒಪ್ಪಿಸಿ, ತಮ್ಮ ಮನೆಯ ಸೀರೆಯನ್ನೇ ತಂದು ಕಾಗದದ ರೀಮುಗಳ ಹಿಂದೆ ಜೋಲಿ ಕಟ್ಟಿಸಿಕೊಟ್ಟವರು ಅವರು. ಮುನೆಮ್ಮ ಈಗಲೂ ನಮ್ಮಲ್ಲೇ ಇದ್ದಾಳೆ.

1986ರಲ್ಲಿ ಕಲ್ಯಾಣದುರ್ಗದ ಶಾಖೆ ತೆರೆದಾಗ ಕೌಂಟರಿನ ಹೊಣೆ ನನಗೆ ಬಂತು. ಅಂದಿನಿಂದ ವಾರಕ್ಕೊಮ್ಮೆ ಅವರು ಪೆನುಕೊಂಡದಲ್ಲಿ ಬಸ್ಸು ಬದಲಿಸಿ ನಮ್ಮಲ್ಲಿಗೆ ಬರುವುದು ರೂಢಿಯಾಯಿತು. ಕಂಪ್ಯೂಟರುಗಳು ಬಂದಾಗ ಹಳಬರೆಲ್ಲ ದೂರ ನಿಂತರು. ಕೇಶವಯ್ಯನವರು ಕುರ್ಚಿ ಎಳೆದುಕೊಂಡು ಹತ್ತಿರ ಕೂತರು. ಅಕ್ಷರಗಳನ್ನು ಟೈಪ್ ಮಾಡುವ ಎಡಿಟರನ್ನು ನಾವೇ ಬೇಕಾದಂತೆ ತಿದ್ದಿಕೊಳ್ಳಬಹುದು ಎಂದು ತಿಳಿದ ದಿನ ಅವರ ಮುಖದಲ್ಲಿದ್ದ ಸಂಭ್ರಮವನ್ನು ನಾನು ಮರೆಯಲಾರೆ. ಇಂಗ್ಲಿಷ್ ಕೀಲಿಮಣೆಯಲ್ಲಿ ಉಚ್ಚಾರಣೆಯಂತೆ ಟೈಪ್ ಮಾಡಿದರೆ ಸಾಕು, ತೆಲುಗಿನಲ್ಲೋ ಕನ್ನಡದಲ್ಲೋ ಅಚ್ಚಾಗುವಂತೆ ಮಾಡಿದರು. ಯಾವ ಲಿಪಿ ಎಂದು ಒಂದೊಂದು ಫೈಲಿಗೂ ಬೇರೆಯಾಗಿ ಹೇಳಲು 'ಲಿಪಿ' ಎಂಬ ಒಂದು ವೇರಿಯಬಲ್, ಅಂದರೆ ಬೇಕಾದದ್ದನ್ನು ತುಂಬುವ ಖಾಲಿ ಜಾಗ, ಇಟ್ಟರು. ಏನೂ ಹೇಳದ ಫೈಲು ತೆಲುಗಿನಲ್ಲೇ ಬರುತ್ತದೆ, ಅದು ಡಿಫಾಲ್ಟ್.

ಅದರ ಮಹಿಮೆ ನಮಗೆ ಅರ್ಥವಾದದ್ದು 1994ರಲ್ಲಿ, ಈರಕ್ಕನ ಮಗಳ ಮದುವೆಯ ಹೊತ್ತಿನಲ್ಲಿ.

ಈರಕ್ಕ ಹತ್ತಿರದ ಹಳ್ಳಿಯ ರೈತ ಹೆಂಗಸು. ಗಂಡಿನ ಕಡೆಯವರು ಗಡಿಯಾಚೆ ಮಧುಗಿರಿಯ ಬಳಿಯವರು. ಗಂಡಿನ ಸೋದರಮಾವ ರಾಮಲಿಂಗಯ್ಯನವರು ನಿಶ್ಚಿತಾರ್ಥದ ದಿನವೇ, "ನಮ್ಮೋರಿಗೆ ನಮ್ಮ ಅಕ್ಷರದಾಗೆ ಪತ್ರಿಕೆ ಬರ್ಬೇಕು, ಇಲ್ದಿದ್ರೆ ನಾನು ಹಂಚಾಕಿಲ್ಲ" ಎಂದು ಹೇಳಿದ್ದರು. ಆದ್ದರಿಂದ ಎರಡು ಪತ್ರಿಕೆ: ಗಂಡಿನ ಕಡೆಗೆ ಕನ್ನಡದ್ದು, ಹೆಣ್ಣಿನ ಕಡೆಗೆ ತೆಲುಗಿನದು. ಪ್ರತಿಯೊಂದಕ್ಕೂ ಎರಡು ಫೈಲು. ಮೇಲಿನ ಒಕ್ಕಣೆಗೆ ಒಂದು, ಕೆಳಗಿನ ಬಂಧುಗಳ ಹೆಸರಿಗೆ ಇನ್ನೊಂದು. ನಮ್ಮ ಆಪರೇಟರ್ ಓಬುಳಪತಿ ಕನ್ನಡ ಒಕ್ಕಣೆಯ ಫೈಲು ತೆರೆದು ಲಿಪಿ ಕನ್ನಡ ಎಂದು ಹೇಳಿದ. ಹೆಸರುಗಳ ಫೈಲಿಗೂ ಅದು ತಾನಾಗಿ ಹೋಗುತ್ತದೆ ಎಂದುಕೊಂಡ.

ಕನ್ನಡ ಪತ್ರಿಕೆಯ ಪ್ರೂಫ್ ನೋಡಲು ಬಂದ ಈರಕ್ಕನ ಅಣ್ಣ ಚೌಡಣ್ಣ ಕೌಂಟರಿನ ಮುಂದೆ ನಿಂತು, ಮೇಲಿನಿಂದ ಕೆಳಗಿನವರೆಗೆ ಎಲ್ಲಿಯೂ ತಡವರಿಸದೆ ಗಟ್ಟಿಯಾಗಿ ಓದಿದ. "ಬೋ ಚೆಂದಾಗೈತೆ ಕಣಮ್ಮ, ಹಾಕ್ಬುಡಿ" ಎಂದು ಸಹಿ ಮಾಡಿ ಹೋದ.

ಮರುದಿನ ಬೆಳಿಗ್ಗೆ ಪತ್ರಿಕೆ ಒಯ್ಯಲು ರಾಮಲಿಂಗಯ್ಯನವರೇ ಬಂದರು; ಈರಕ್ಕ, ಚೌಡಣ್ಣ ಜೊತೆಗಿದ್ದರು. ಮಧ್ಯಾಹ್ನದ ಬಸ್ಸಿಗೆ ಅವರು ಹೊರಡಬೇಕು; ಮುಹೂರ್ತ ಹತ್ತಿರ. ಅಚ್ಚಾದ ಮೊದಲ ಪ್ರತಿ ಕೈಗೆ ತೆಗೆದುಕೊಂಡು ಅರ್ಧದವರೆಗೆ ಓದಿ ನಿಲ್ಲಿಸಿದರು.

"ಈ ಕೆಳಗಿನ ಸಾಲು ಯಾರಿಗೆ ಬರ್ದಿದ್ದೀರಮ್ಮ?"

ನೋಡಿದರೆ ಮೇಲೆ ಕನ್ನಡ, ಕೆಳಗೆ ತೆಲುಗು! ಎರಡೂ ಲಿಪಿ ಬಾಲ್ಯದಿಂದ ಓದಿದ ಚೌಡಣ್ಣನಿಗೆ ಒಂದು ಮುಗಿದು ಇನ್ನೊಂದು ಶುರುವಾದದ್ದೇ ತಿಳಿದಿರಲಿಲ್ಲ.

"ನೀ ಓದಿದ್ದೇನಣ್ಣಾ, ಕಣ್ಣು ಎಲ್ಲಿ ಮಡಗಿದ್ದೆ?" ಎಂದು ಈರಕ್ಕ ಅಣ್ಣನನ್ನು ತರಾಟೆಗೆ ತೆಗೆದುಕೊಂಡಳು.

"ಓದಕ್ಕೆ ಬಂತಲ್ಲೇ! ಬಂದ ಮ್ಯಾಕೆ ಯಾವ ಅಕ್ಷರ ಅಂತ ಯಾರು ನೋಡ್ತಾರೆ?"

"ಅವ್ರು ನೋಡ್ತಾರೆ ಕಣೋ, ಮಾವಯ್ನೋರು! ಇವತ್ತು ಬರಿಗೈಲಿ ಹೋದ್ರೆ ಗಂಡಿನ ಕಡೆ ಒಬ್ರೂ ಬರಲ್ಲ. ನನ್ನ ಮಗಳು ಯಾರ ಮುಂದೆ ಹಸೆಮಣೆ ಏರ್ಬೇಕು?"

ಓಬುಳಪತಿ ಗಾಬರಿಯಲ್ಲಿ ಡಿಫಾಲ್ಟನ್ನೇ ಕನ್ನಡ ಮಾಡಿಬಿಟ್ಟ. ಹೆಸರುಗಳು ಸರಿಯಾದವು; ಎಲ್ಲರೂ ಉಸಿರು ಬಿಟ್ಟೆವು. ಆದರೆ ಮುಂದೆ ತೆಗೆದ ಹೆಣ್ಣಿನ ಕಡೆಯ ತೆಲುಗು ಪತ್ರಿಕೆ ಪೂರ್ತಿ ಕನ್ನಡದಲ್ಲಿ ಹೊರಬಂತು. "ಅಯ್ಯೋ ದೇವುಡಾ!" ಎಂದು ಅವನು ತಲೆಯ ಮೇಲೆ ಕೈ ಹೊತ್ತ.

ಅಂದು ಕೇಶವಯ್ಯನವರು ಬರುವ ದಿನವಾಗಿದ್ದುದು ನಮ್ಮ ಪುಣ್ಯ. ಚೀಲ ಕೆಳಗಿಟ್ಟು ಎಲ್ಲವನ್ನೂ ಕೇಳಿದರು. ಗದರಲಿಲ್ಲ, ನಕ್ಕರು. ಓಬುಳಪತಿಯ ಪಕ್ಕದಲ್ಲಿ ಕೂತರು.

"ನಿಮ್ಮನೇಲಿ ರಾತ್ರಿ ಊಟಕ್ಕೆ ಏನಪ್ಪಾ?"

"ಮುದ್ದೆ, ಸಾರ್."

"ಯಾರೂ ಕೇಳ್ದೆ ಇದ್ರೂ ಮುದ್ದೆ. ಅದು ಡಿಫಾಲ್ಟು. ನಿಮ್ಮಪ್ಪನಿಗೆ ಜ್ವರ ಬಂದು ಗಂಜಿ ಬೇಕು ಅಂದ್ರೆ?"

"ಅಪ್ಪನಿಗೆ ಮಾತ್ರ ಗಂಜಿ."

"ಅದು ಲೋಕಲ್ಲು. ನೀನು ನೆನ್ನೆ ಒಬ್ಬನಿಗೆ ಗಂಜಿ ಹೇಳ್ದೆ, ಪಕ್ಕದಲ್ಲಿ ಮಲಗಿರೋ ಇನ್ನೊಬ್ಬ ಜ್ವರದೋನಿಗೆ ಹೇಳಲಿಲ್ಲ. ಅವನಿಗೆ ಮುದ್ದೆ ಹೋಯ್ತು. ಇವತ್ತು ಮನೇಗೆಲ್ಲ ಗಂಜಿ ಕಾಯಿಸ್ಬುಟ್ಟೆ!"

ಈರಕ್ಕ ಕೂಡ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಡಿಫಾಲ್ಟನ್ನು ಮತ್ತೆ ತೆಲುಗಿಗೆ ತರಲು ಹೇಳಿದಾಗ ಓಬುಳಪತಿ ಹಿಂಜರಿದ.

"ಆಗ ಒಕ್ಕಣೆ ಫೈಲೂ ತೆಲುಗು ಆಗ್ಬುಡಲ್ವಾ ಸಾರ್?"

"ಆಗಲ್ಲ. ಅದು ತನಗೇನು ಬೇಕು ಅಂತ ತಾನೇ ಹೇಳ್ಕೊಂಡೈತೆ. ಮನೆ ಅಡಿಗೆ ಬದಲಾದ್ರೆ ಅದಕ್ಕೇನು? ತನ್ನ ಮಾತು ಅಳಿಸಿದ್ರೆ ಮಾತ್ರ ಮನೆ ಪಂಕ್ತಿಗೆ ಬತ್ತದೆ. ಹೆಸರಿನ ಫೈಲಿಗೂ ಅದರ ಮಾತು ಅದಕ್ಕೇ ಹೇಳು. ಫೈಲಿನ ಮೊದಲ ಸಾಲಲ್ಲೇ ಬರ್ದುಬುಡು, ನಾಳೆ ಯಾರು ತೆಗೆದ್ರೂ ಮರೆಯಲ್ಲ."

ಹಾಗೆಯೇ ಮಾಡಿದ. ಕನ್ನಡದ್ದು ಮೇಲೆ ಕೆಳಗೆ ಕನ್ನಡವಾಗಿ, ತೆಲುಗಿನದು ತೆಲುಗಾಗಿಯೇ ಬಂತು! ಮಸಿ ಬೇಗ ಒಣಗಲೆಂದು ಫ್ಯಾನಿನ ಕೆಳಗೆ ಹರಡಿದೆವು. ಬಸ್ಸು ಹೊರಡದಿರಲೆಂದು ಚೌಡಣ್ಣ ಓಡಿ ಅದರ ಮುಂದೆ ನಿಂತು ಡ್ರೈವರನೊಡನೆ ಹರಟೆ ಹೊಡೆಯತೊಡಗಿದ. ಕೇಶವಯ್ಯನವರು ಕಟ್ಟನ್ನು ತಾವೇ ಹೊತ್ತು ಕೊಂಡೊಯ್ದು, ಬಸ್ಸಿನಲ್ಲಿ ಕೂತಿದ್ದ ರಾಮಲಿಂಗಯ್ಯನವರ ತೊಡೆಯ ಮೇಲಿಟ್ಟರು.

ಆ ದಿನದ ಮೇಲೆ ನಮ್ಮ ಶಾಖೆಯಲ್ಲಿ ಒಂದು ಪದ್ಧತಿ ಬಂತು: ಎರಡೂ ಲಿಪಿ ಬಲ್ಲವರ ಕಣ್ಣಿಗೆ ಪ್ರೂಫ್ ಒಪ್ಪಿಸಿ ಸುಮ್ಮನಾಗುವುದಿಲ್ಲ, ಒಂದೇ ಲಿಪಿ ಬಲ್ಲ ಒಬ್ಬರಿಗೂ ತೋರಿಸುತ್ತೇವೆ. ಗೋರಂಟ್ಲದಿಂದಲೂ ಎರಡು ಲಿಪಿಯ ಪತ್ರಿಕೆಗೆ ನಮ್ಮನ್ನೇ ಹುಡುಕಿಕೊಂಡು ಬರುತ್ತಾರೆ. ಓಬುಳಪತಿ ಇಂದು ಬೇರೆಯವರಿಗೆ ಎಡಿಟರ್ ಕಲಿಸುತ್ತಾನೆ.

ಒಬ್ಬನಿಗೆ ಬೇಕಾದದ್ದನ್ನು ಒಬ್ಬನಿಗೇ ಕೊಡುವುದು, ಅದಕ್ಕಾಗಿ ಉಳಿದವರ ತಟ್ಟೆ ಕದಲಿಸದಿರುವುದು: ಕೇಶವಯ್ಯನವರು ಯಂತ್ರಕ್ಕೆ ಕಲಿಸಿದ ಈ ನಡತೆ ಅವರದೇ. ಆ ಮಹನೀಯರಿಗೆ ಭಗವಂತ ತುಂಬು ಆಯುಸ್ಸನ್ನೂ ಗಟ್ಟಿ ಕಣ್ಣನ್ನೂ ಕೊಡಲಿ. ಉರ್ದು, ತಮಿಳು ಲಿಪಿಗಳನ್ನೂ ಎಡಿಟರಿಗೆ ಸೇರಿಸಬೇಕೆಂದು ಅವರು ಈಗಲೇ ಹೊರಟಿದ್ದಾರೆ. ಆ ಕೆಲಸ ಅವರ ಕೈಯಲ್ಲೇ ಪೂರೈಸಲಿ.

ಈರಕ್ಕನ ಮಗಳ ಧಾರೆಗೆ ನಾವೆಲ್ಲ ಹೋಗಿದ್ದೆವು. ಮಧುಗಿರಿಯ ಕಡೆಯಿಂದ ಬಸ್ಸು ತುಂಬಿ ಬಂದಿದ್ದ ನೆಂಟರಿಗೆ ಚಪ್ಪರದಲ್ಲಿ ಜಾಗ ಸಾಲದೆ, ಹೆಣ್ಣಿನ ಕಡೆಯವರು ಎದ್ದು ಹೊರಗೆ ನಿಂತರು.