ಕಿತ್ತ ಎರಡು ಒಳ್ಳೆಯ ಹಲ್ಲು

ಮೊದಲು ಬಂದದ್ದು ಕಿವಿನೋವು. ಎಡಗಿವಿ. ಏಳುವಾಗಲೇ ಇರುತ್ತಿತ್ತು, ಸೈಕಲ್ ಹತ್ತಿ ಖಡಕಿಯ ಮದ್ದುಗುಂಡಿನ ಕಾರ್ಖಾನೆ ಮುಟ್ಟುವ ಹೊತ್ತಿಗೆ ದವಡೆಗೆ ಇಳಿಯುತ್ತಿತ್ತು. ಯುದ್ಧದ ಕಾಲ. ತಯಾರಾದ ಬಿಡಿಭಾಗಗಳನ್ನು ಅಳೆದು ಸಹಿ ಹಾಕುವುದು ನನ್ನ ಕೆಲಸ. ಕೂದಲೆಳೆಯಷ್ಟು ತಪ್ಪಿದರೂ ಯಾರದೋ ಜೀವ ಹೋದೀತೆಂಬ ಹೆದರಿಕೆಯಲ್ಲಿ ಹನ್ನೆರಡು ತಾಸು, ನಡುನಡುವೆ ಕಡು ಚಹಾ.

ಕಿವಿಯ ಡಾಕ್ಟರು ಕಿವಿ ಚೆನ್ನಾಗಿದೆ ಎಂದರು. ಪೇಟೆಯ ಹಲ್ಲಿನ ಡಾಕ್ಟರು ದವಡೆ ಹಲ್ಲು ಕೆಟ್ಟಿದೆ ಎಂದು ಕಿತ್ತರು. ನೋವು ಹೋಗಲಿಲ್ಲ. ಹಾಗಾದರೆ ಪಕ್ಕದ್ದಿರಬೇಕು ಎಂದು ಅದನ್ನೂ ಕಿತ್ತರು.

ನೋವು ಅಲ್ಲೇ ಇತ್ತು.

ಕೊನೆಗೆ ದಂಡು ಪ್ರದೇಶವಾದ ಕ್ಯಾಂಪಿನ ಪಾರ್ಸಿ ಡೆಂಟಿಸ್ಟರ ಬಳಿ ಹೋದೆ. ವಯಸ್ಸಾದವರು. ಇಕ್ಕಳ ಮುಟ್ಟಲಿಲ್ಲ. ಹೊರಗೆ ಕುಳಿತಿದ್ದ ನನ್ನ ಹೆಂಡತಿ ಸುಭದ್ರೆಯನ್ನು ಕರೆದು, ಇವರು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆಯೇ ಎಂದು ಮರಾಠಿಯಲ್ಲಿ ಕೇಳಿದರು. ನಾನು ಇಲ್ಲ ಎನ್ನುವಷ್ಟರಲ್ಲಿ ಅವಳು ಹೌದೆಂದು ತಲೆಯಾಡಿಸಿಬಿಟ್ಟಳು.

ಹಲ್ಲುಗಳೆಲ್ಲ ಸವೆದು ಚಪ್ಪಟೆಯಾಗಿದ್ದವಂತೆ. ಕಿತ್ತ ಎರಡೂ ಒಳ್ಳೆಯ ಹಲ್ಲುಗಳೇ ಇದ್ದಿರಬೇಕು ಎಂದರು.

ಸಿಟ್ಟೆಲ್ಲ ಸುಭದ್ರೆಯ ಮೇಲೆ ತಿರುಗಿತು. ಟಾಂಗಾದಲ್ಲಿ ಕೇಳಿದೆ: "ಇಷ್ಟ ದಿನ ಯಾಕ ಹೇಳಲಿಲ್ಲ?"

"ಮದುವಿ ಆದ ವರ್ಷನ ಹೇಳಿದ್ದೆರಿ. ನನ್ನ ಹಲ್ಲು, ನಾ ಕಡೀತೀನಿ, ನಿನಗೇನು ಅಂದ್ರಿ. ಮುಂದ ನಾ ಸುಮ್ಮನಾದೆ."

ನನಗೆ ನೆನಪಿಲ್ಲ. ಆದರೆ ಮಾತಿನ ಧಾಟಿ ನನ್ನದೇ.

ಇಂಥದ್ದೇ ಕಾರಣ ಎಂದು ಡಾಕ್ಟರು ಹೇಳಲಿಲ್ಲ. ಮನಸ್ಸಿನ ಬಿಗಿ ಇರಬಹುದು, ಚಹಾ ಇರಬಹುದು. ಹಲ್ಲು ಕಿತ್ತ ಮೇಲೆ ಮೇಲಿನ ಕೆಳಗಿನ ಹಲ್ಲು ಕೂಡುವುದು ಏರುಪೇರಾಗಿ ಕಡಿಯುವುದು ಇನ್ನಷ್ಟು ಹೆಚ್ಚಿರಬಹುದು. ಮಲಗುವಾಗ ಹಲ್ಲಿಗೆ ಹಾಕಿಕೊಳ್ಳಲು ಗಟ್ಟಿ ರಬ್ಬರಿನ ಕವಚ ಮಾಡಿಕೊಟ್ಟರು. ಸಂಜೆಯ ಚಹಾ ಬಿಡಿಸಿದರು. ಹಗಲಲ್ಲಿ ತುಟಿ ಮುಚ್ಚಿರಲಿ, ಹಲ್ಲಿಗೆ ಹಲ್ಲು ತಾಗದಿರಲಿ ಎಂದರು. ಹೇಳುವುದು ಸುಲಭ. ಅಳತೆಗೋಲು ಹಿಡಿದಾಗಲೆಲ್ಲ ದವಡೆ ಬಿಗಿದುಕೊಂಡೇ ಇರುತ್ತಿತ್ತು.

ಧಾರವಾಡದಿಂದ ಬಂದ ಅಕ್ಕ ಇದೆಲ್ಲ ಹೊಟ್ಟೆಯ ಜಂತಿನ ಕಾಟ ಎಂದು ಹರಳೆಣ್ಣೆ ಕುಡಿಸಿದಳು. ಒಂದು ದಿನದ ರಜೆ ಹಿತ್ತಲಲ್ಲೇ ಕಳೆಯಿತು. ಕವಚವಂತೂ ಮೊದಲ ವಾರವೆಲ್ಲ ಬೆಳಿಗ್ಗೆ ಮಂಚದ ಕೆಳಗೆ ಸಿಗುತ್ತಿತ್ತು. ನಿದ್ದೆಯಲ್ಲಿ ನಾನೇ ಉಗುಳಿರುತ್ತಿದ್ದೆ. ಎಚ್ಚರವಿದ್ದಾಗ ಮಾಡಿದ ತಪ್ಪಾದರೆ ತಿದ್ದಿಕೊಳ್ಳಬಹುದು. ನಿದ್ದೆಯಲ್ಲಿರುವ ಈ ಮನುಷ್ಯನಿಗೆ ಬುದ್ಧಿ ಹೇಳುವುದು ಹೇಗೆ?

ನಾಲ್ಕು ತಿಂಗಳಾಯಿತು. ಪೂರ್ತಿ ಹೋಗಿಲ್ಲ. ಕಿವಿನೋವು ವಾರಕ್ಕೊಂದೆರಡು ದಿನಕ್ಕೆ ಇಳಿದಿದೆ, ಅಷ್ಟೇ. ಬೆಳಿಗ್ಗೆ ಎದ್ದವನು ರಾತ್ರಿ ಹಲ್ಲು ಕಡಿದೆನೇ ಎಂದು ಸುಭದ್ರೆಯನ್ನು ಕೇಳುತ್ತೇನೆ. ಈಗ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾಳೆ.

ನಿನ್ನೆ, "ಕಡದ್ರಿ. ಭಾಳ ಅಲ್ಲ" ಎಂದಳು.

ಸಿಟ್ಟು ಬಂತು. ಅದು ಇಳಿಯುವವರೆಗೆ ಸುಮ್ಮನಿದ್ದು, ದವಡೆಗೆ ಶಾಖ ಕೊಡಲು ಬಿಸಿನೀರಿನ ಬಟ್ಟೆ ಕೇಳಿದೆ.