ಹದಿಮೂರನೆಯವನ ತೀರ್ಪು

ಗಲ್ಫಿನ ಜೆಬೆಲ್ ಅಲಿಯ ಕಂಪನಿಯೊಂದರಲ್ಲಿ ಬಸ್ಸು ಓಡಿಸುವ ಸೇಸಪ್ಪನಿಗೆ ಈಗ ಐವತ್ತೆಂಟು. ಊರು ಕಾಪು ಕಡೆ. ಕ್ರಿಕೆಟ್ಟಿನ ಮಾತು ಬಂದರೆ ಸಾಕು, ಇಂದಿಗೂ ಅವನು ೧೯೯೯ರ ಒಂದು ಶುಕ್ರವಾರಕ್ಕೆ ಹೋಗಿಬಿಡುತ್ತಾನೆ. ಹತ್ತೊಂಬತ್ತು ರನ್ನಿನ ಮ್ಯಾಚು ಅದು. ಅಷ್ಟು ಸಣ್ಣ ಮ್ಯಾಚಿಗೆ ಇಷ್ಟು ದೊಡ್ಡ ಕಥೆಯೇ ಎಂದು ನಗುವವರು ಮೊದಲು ಪೂರ್ತಿ ಕೇಳಲಿ.

ಆಗ ವಾರದ ರಜೆ ಶುಕ್ರವಾರ. ಮುಹೈಸ್ನಾದ ಕಾರ್ಮಿಕರ ಕ್ಯಾಂಪುಗಳ ಹಿಂದಿನ ಮರಳು ಬಯಲಿನಲ್ಲಿ ಬೆಳಿಗ್ಗೆ ಕರಾವಳಿಯ ಹುಡುಗರ ಟೆನಿಸ್ ಬಾಲ್ ಆಟ. ಹೋಟೆಲಿನಲ್ಲಿ ಕೆಲಸದಲ್ಲಿದ್ದ ವ್ಯಾಲೆಂಟೈನ್ ಒಂದು ಕಡೆಯ ನಾಯಕ, ಗೋದಾಮಿನ ರಶೀದ ಇನ್ನೊಂದು ಕಡೆಗೆ. ಇಬ್ಬರೂ ಟಾಸು ಹಾಕಿ, ಸರದಿಯಂತೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುವರು. ಒಟ್ಟು ಹದಿಮೂರು ಮಂದಿ. ಆರಾರು ಹಂಚಿಕೊಂಡ ಮೇಲೆ ಉಳಿಯುವವನು ಸೇಸಪ್ಪ. ಎಲ್ಲರನ್ನೂ ಬಸ್ಸಿನಲ್ಲಿ ತಂದು ಇಳಿಸಿದವನೇ ಯಾರಿಗೂ ಬೇಡ! ಅವನು ‘ಕಾಮನ್’. ಎರಡೂ ಕಡೆಗೆ ಕೊನೆಯಲ್ಲಿ ಬ್ಯಾಟು ಹಿಡಿಯುವವನು. ಯಾರ ಕಡೆಯವನೂ ಅಲ್ಲವಾದ್ದರಿಂದ ತಕರಾರು ಬಂದರೆ ತೀರ್ಪೂ ಅವನದೇ. ಆ ಮರ್ಯಾದೆ ಯಾರಿಗೆ ಬೇಕಿತ್ತು? ಒಂದೇ ಒಂದು ಸಲ ಯಾರಾದರೂ ತನ್ನ ಹೆಸರು ಕರೆಯಲಿ ಎಂದು ಅವನು ಮೂರು ವರ್ಷ ಆಸೆಪಟ್ಟಿದ್ದ.

ಬಯಲಿನ ಸುತ್ತ ನಿಂತ ಯಾವ ಗಾಡಿಗೆ ಚೆಂಡು ತಾಗಿದರೂ ಔಟು ಎಂಬುದು ಅಲ್ಲಿಯ ಕಾನೂನು. ಹಾಗಾಗಿ ರನ್ನಿಗೆ ಸದಾ ಬರಗಾಲ. ಆ ದಿನ ರಶೀದನ ಕಡೆ ತಿಣುಕಾಡಿ ಹತ್ತೊಂಬತ್ತಕ್ಕೆ ಮುಗಿಯಿತು. ಅದರಲ್ಲಿ ಸೇಸಪ್ಪನ ಪಾಲು ಸೊನ್ನೆ. ವ್ಯಾಲೆಂಟೈನನ ಕಡೆಗೆ ಹದಿನೆಂಟಾದಾಗ ಉಳಿದವರು ಲಿಡ್ವಿನ್ ಮತ್ತು ಸೇಸಪ್ಪ ಇಬ್ಬರೇ. ಗೆಲ್ಲಲು ಎರಡು ಬೇಕು.

“ಸೇಸಪ್ಪಣ್ಣ, ನಮಗೆ ಸೊನ್ನೆ ಕೊಟ್ಟಿದ್ದೀರಿ. ಅವರಿಗೂ ಅಷ್ಟೇ ಕೊಡಿ, ಭೇದ ಮಾಡ್ಬೇಡಿ,” ಎಂದ ರಶೀದ.

ವ್ಯಾಲೆಂಟೈನ್ ಹತ್ತಿರ ಬಂದು ಮೆಲ್ಲಗೆ ಹೇಳಿದ: “ಇದೊಂದು ಗೆಲ್ಲಿಸಿ ಮಾರಾಯ್ರೆ. ಬರುವ ವಾರ ಮೊದಲು ನಿಮ್ಮನ್ನೇ ಕರೀತೇನೆ.”

ಸೇಸಪ್ಪ ಬ್ಯಾಟು ಹಿಡಿದು ನಿಂತ. ಮೊದಲ ಚೆಂಡು ಎತ್ತ ಹೋಯಿತೆಂದೇ ತಿಳಿಯಲಿಲ್ಲ. ಎರಡನೆಯದಕ್ಕೆ ಕಣ್ಣು ಮುಚ್ಚಿ ಬೀಸಿದ. ಅದೃಷ್ಟಕ್ಕೆ ಸರಿಯಾಗಿ ಸಿಕ್ಕಿತು. ಚೆಂಡು ಉರುಳುತ್ತಾ ಹೋಗಿ ನಿಂತಿದ್ದ ಪಿಕಪ್ಪಿನ ಅಡಿಯಿಂದ ತೂರಿ ಆಚೆ ಬಿತ್ತು. ಇಬ್ಬರೂ ಬಿದ್ದೆನೋ ಎದ್ದೆನೋ ಎಂದು ಎರಡು ರನ್ನು ಓಡಿದರು. ವ್ಯಾಲೆಂಟೈನನ ಹುಡುಗರು ಕುಣಿಯತೊಡಗಿದರು.

“ಗಾಡಿಗೆ ತಾಗಿದೆ,” ಎಂದ ರಶೀದ.

“ಎಲ್ಲಿ ತಾಗಿದ್ದು? ಖಲಾಸ್, ಮ್ಯಾಚ್ ಮುಗೀತು,” ಎಂದ ವ್ಯಾಲೆಂಟೈನ್.

ಐದು ನಿಮಿಷ ಗಲಾಟೆ. ಆಮೇಲೆ ಹನ್ನೆರಡೂ ಮಂದಿ ಕಾಮನ್ ಕಡೆ ತಿರುಗಿದರು. ಸೇಸಪ್ಪ ಡ್ರೈವರು, ಗಾಡಿಯ ಮೈ ಅಲುಗಿದರೆ ಅವನ ಕಣ್ಣಿಗೆ ಬೀಳದೆ ಇರದು. ಹಿಂದಿನ ಚಕ್ರದ ಬಳಿ ನೇತಾಡುತ್ತಿದ್ದ ಕೆಸರು ತಡೆಯುವ ರಬ್ಬರು ಒಂದಿಷ್ಟು ಅಲ್ಲಾಡಿದ್ದನ್ನು ಓಡುತ್ತಲೇ ಕಂಡಿದ್ದ. ತಾಗಿಲ್ಲ ಎಂದರೆ ಬರುವ ವಾರ ಮೊದಲ ಹೆಸರು ಅವನದು.

“ತಾಗಿದೆ,” ಎಂದ. “ನಾನು ಔಟ್.”

ರಶೀದನ ಕಡೆ ಒಂದು ರನ್ನಿನಿಂದ ಗೆದ್ದಿತು. ತನ್ನ ವಿಕೆಟನ್ನು ತಾನೇ ಕಿತ್ತವನೆಂದು ವಾಪಸು ಬರುವ ದಾರಿಯುದ್ದಕ್ಕೂ ಬಸ್ಸು ನಕ್ಕಿತು. ವ್ಯಾಲೆಂಟೈನ್ ಮಾತ್ರ ಕಿಟಕಿ ಕಡೆ ಮುಖ ಮಾಡಿ ಕೂತಿದ್ದ.

ಮುಂದಿನ ಶುಕ್ರವಾರ ಟಾಸು ವ್ಯಾಲೆಂಟೈನನಿಗೆ ಬಿತ್ತು. ಸೇಸಪ್ಪ ಅಭ್ಯಾಸದಂತೆ ಬಸ್ಸಿಗೆ ಒರಗಿ ನಿಂತಿದ್ದ.

“ಸೇಸಪ್ಪಣ್ಣ,” ಎಂದು ವ್ಯಾಲೆಂಟೈನ್ ಕರೆದ.

“ಗೆಲ್ಲಿಸಿದ್ರೆ ಅಂತ ಅಲ್ವಾ ನೀವು ಹೇಳಿದ್ದು?”

“ಆ ರಬ್ಬರ್ ಅಲ್ಲಾಡಿದ್ದು ನಾನೂ ನೋಡಿದ್ದೆ ಮಾರಾಯ್ರೆ. ಬಾಯಿ ಬಿಡ್ಲಿಲ್ಲ. ಬನ್ನಿ ಈಚೆ.”

ಸೇಸಪ್ಪ ಹೋಗಿ ಅವನ ಪಕ್ಕ ನಿಂತ. ಖುಷಿಯಲ್ಲಿ ಕೈ ಎಲ್ಲಿಡಬೇಕೆಂದೇ ತೋಚಲಿಲ್ಲ. ಉಳಿದವರ ಹೆಸರನ್ನು ಒಂದೊಂದಾಗಿ ಕರೆಯುವುದನ್ನು ಅವನು ಮೊದಲ ಸಲ ಆರಾಮಾಗಿ ನಿಂತು ಕೇಳಿದ.